ಗಬ್ಬೂರಿಗೆ ಹೋದ ಕೆಂಪು ಬಾಟಲಿ

ನಮ್ಮ ಸಿಸ್ಟರ್ ಯಾವ ಅಡುಗೆಯನ್ನೂ ಸೌಟಿನಿಂದ ರುಚಿ ನೋಡಿದವರಲ್ಲ. ಎಡಗೈ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡು ನಾಲಿಗೆಯ ತುದಿ ತಾಗಿಸುತ್ತಿದ್ದರು. ಬಿಸಿ ಹನಿ ಬಿದ್ದೂ ಬಿದ್ದೂ ಅಲ್ಲಿ ಹುಣಸೆಬೀಜದಷ್ಟು ಚರ್ಮ ಕಪ್ಪಾಗಿ, ನುಣುಪಾಗಿ ಹೋಗಿತ್ತು. ರಾಯಚೂರಿನ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದವರು ಅವರು. ಹಾಸ್ಟೆಲಿನ ಅಡುಗೆಮನೆಯೂ ಅವರದೇ. ಕಸೂತಿ ತೋರಿಸಿದರೆ ಮೊದಲು ಬಟ್ಟೆ ತಿರುಗಿಸಿ ಹಿಂಬದಿಯ ಗಂಟು ನೋಡುವರು. ಊಟದ ಹೊತ್ತಿಗೆ ಮಾತ್ರ ತಟ್ಟೆ ನೋಡದೆ ನಮ್ಮ ಮುಖ ನೋಡುವರು. "ಉಣ್ಣೋರ ಮಾರಿ ನೋಡಿ ಉಪ್ಪು ಹಾಕಬೇಕು" ಎನ್ನುವುದು ಅವರ ಮಾತು. ತಾವು ಎಲ್ಲರದೂ ಮುಗಿದ ಮೇಲೆ, ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಅವರನ್ನು ಇಟಲಿಗೆ ಕಳಿಸಿದರು. ದಕ್ಷಿಣದ ಯಾವುದೋ ಗುಡ್ಡದ ಊರು, ವಯಸ್ಸಾದವರನ್ನು ನೋಡಿಕೊಳ್ಳುವ ಮನೆ. ಮರಳಿ ಬಂದಾಗ ನನ್ನ ಮಗಳು ಕಾಲೇಜು ಸೇರಿದ್ದಳು. ಸಿಸ್ಟರ್ ಅವರ ಮೊಣಕಾಲುಗಳು ಸೋತಿದ್ದವು. ಕನ್ನಡ ಮಾತ್ರ ಹೋಗುವಾಗ ಇದ್ದಂಥದೇ, ಅವರ ಹುಟ್ಟೂರು ಗಬ್ಬೂರಿನದು.

ಗಬ್ಬೂರಿನಲ್ಲಿ ಅವರಿಗೆ ಇದ್ದವನು ಒಬ್ಬನೇ ತಮ್ಮ. ಅಕ್ಕ ಬಂದು ತಿಂಗಳುಗಳಾದರೂ ಅವನು ನೋಡಲು ಬಂದಿರಲಿಲ್ಲ. ಅದರ ಕಾರಣವನ್ನು ಸಿಸ್ಟರ್ ಒಂದು ಭಾನುವಾರ ಚವಳಿಕಾಯಿಯ ನಾರು ಬಿಡಿಸುತ್ತ ನನಗೆ ಹೇಳಿದರು. ಅವರ ತಾಯಿ ತೀರಿಕೊಂಡಾಗ ತಮ್ಮ ಮಣ್ಣು ಮಾಡದೆ ಒಂದು ದಿನ ಅಕ್ಕನಿಗಾಗಿ ಕಾದಿದ್ದ. ಅದೇ ವಾರ ಅಲ್ಲಿ ಇವರ ಕೈಯಲ್ಲಿ ಒಬ್ಬ ಮುದುಕಿ ಇವತ್ತೋ ನಾಳೆಯೋ ಎನ್ನುವಂತಿದ್ದಳು. ಬಿಟ್ಟು ಬರಲು ಇವರಿಂದ ಆಗಲಿಲ್ಲ.

ಇಟಲಿಯಿಂದ ಮರಳುವಾಗ ಆ ಮುದುಕಿಯ ಮಗಳೇ ಇವರಿಗೊಂದು ಬಾಟಲಿ ಕೊಟ್ಟಿದ್ದಳು. ಹಂದಿಯ ಮಾಂಸ, ಕೊಬ್ಬು, ಮೆಣಸಿನಕಾಯಿ ಕೂಡಿಸಿ ಅರೆದು ಹದಗೊಳಿಸಿದ ಸಾಸೇಜು. ಗಟ್ಟಿಯಲ್ಲ, ಬೆಣ್ಣೆಯಂತೆ ಸವರಬಹುದು. ಬಣ್ಣ ನೋಡಿದರೆ ನಮ್ಮ ರಂಜಕವೇ, ಆ ಕೆಂಪು ಮೆಣಸಿನಕಾಯಿ ಚಟ್ನಿ. ಅದನ್ನು ತಮ್ಮನ ಮನೆಯಲ್ಲೇ ಬೇಯಿಸಿ ಅವನಿಗೆ ಉಣಿಸಬೇಕೆಂದು ಸಿಸ್ಟರ್ ಅವರ ಹಟ. ಅವನು ಉಣ್ಣದಿದ್ದರೆ ಎಂದು ನಾನು ಅಳುಕಿದೆ.

"ಉಣ್ಣಲಿಲ್ಲಂದ್ರ ಹೊಳ್ಳಿ ಬರೂಣು. ಅವ ಬರ್ಲಿಲ್ಲಂತ ನಾನೂ ಕುಂತ್ರ ಹೆಂಗ?"

ಗಬ್ಬೂರಿನ ಬಸ್ಸಿನಲ್ಲಿ ಬಾಟಲಿ ಉಣ್ಣೆಯ ಕಾಲುಚೀಲದೊಳಗೆ ಅವರ ತೊಡೆಯ ಮೇಲಿತ್ತು. ಅದಕ್ಕೆ ಕೂಡಿಸುವ ಪಾಸ್ತಾ ಪೊಟ್ಟಣ ನನ್ನ ಚೀಲದಲ್ಲಿ.

ತಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ. ತಲೆ ಎತ್ತಿ, "ಬರ್ರಿ ಸಿಸ್ಟರ್" ಎಂದ. ಅಕ್ಕ ಎನ್ನಲಿಲ್ಲ. ಸಿಸ್ಟರ್ ಒಂದು ಕ್ಷಣ ಹೊಸ್ತಿಲ ಮೇಲೆ ನಿಂತು, ಆಮೇಲೆ ಸೀದಾ ಒಲೆಯ ಕಡೆ ನಡೆದರು.

ತಮ್ಮನ ಹೆಂಡತಿ ನಗುಮುಖದವಳು. ಕುದಿಯುವ ನೀರಿಗೆ ಬಿದ್ದ ಪಾಸ್ತಾ ಕೊಳವೆಗಳನ್ನು ಬಗ್ಗಿ ನೋಡಿ, "ಡ್ರಿಪ್ ಪೈಪು ಕೊಚ್ಚಿ ಹಾಕಿದಂಗ ಅದಾವಲ್ರಿ" ಎಂದಳು. ಹಂದಿಯದು ಎಂದು ಸಿಸ್ಟರ್ ಮೊದಲೇ ಹೇಳಿದ್ದಕ್ಕೆ, ಕ್ರಿಸ್‌ಮಸ್ಸಿಗೆ ನಾವೂ ಮಾಡ್ತೀವಲ್ಲ ಎಂದು ಒಲೆಗೆ ಇನ್ನೊಂದು ಹತ್ತಿಕಟ್ಟಿಗೆ ತುರುಕಿದಳು. ನಾನು ಮಾಂಸ ಮುಟ್ಟುವವಳಲ್ಲ. ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಸಿಸ್ಟರ್ ಬೇರೆ ಬೋಗುಣಿಯಲ್ಲಿ, ಬೇರೆ ಸೌಟಿನಿಂದ, ಬೆಳ್ಳುಳ್ಳಿ ಒಗ್ಗರಣೆಗೆ ಆ ಮನೆಯ ರಂಜಕವನ್ನೇ ಕಲಸಿ ನನ್ನ ಪಾಲು ಎತ್ತಿಟ್ಟರು. ಆ ಗಡಿಬಿಡಿಯಲ್ಲೂ ಅವರಿಗೆ ನನ್ನ ನೆನಪಿತ್ತು.

ಆಮೇಲೆ ಈರುಳ್ಳಿ ಬಾಡಿಸಿ ಸಾಸೇಜು ಹಾಕಿದರು. ಅದು ಕರಗಿ, ಎಣ್ಣೆಯೆಲ್ಲ ಕುಂಕುಮದ ಬಣ್ಣಕ್ಕೆ ತಿರುಗಿತು. ಟೊಮೆಟೊ ಬಿತ್ತು, ಪಾಸ್ತಾ ಬೆಂದ ನೀರು ಒಂದು ಸೌಟು ಬಿತ್ತು. ಹೊಗೆ, ಖಾರ, ಕೊಬ್ಬು ಎಲ್ಲ ಬೆರೆತ ವಾಸನೆ ಅಂಗಳಕ್ಕೂ ಹೋಗಿರಬೇಕು. ತಮ್ಮ ಬಂದು ಬಾಗಿಲಿಗೆ ಒರಗಿ ನಿಂತ.

"ಮಂದಿ ಅವ್ವಗೋಳಿಗೆ ತುತ್ತು ಮಾಡಿ ಉಣಿಸಿದ್ರಿ," ಎಂದ. ದನಿ ಏರಿರಲಿಲ್ಲ. "ನಮ್ಮವ್ವ ಬಾಗಲಾ ನೋಡ್ಕೋತ ಹೋದ್ಲು."

ಸಿಸ್ಟರ್ ತಿರುಗಲಿಲ್ಲ. ಸೌಟು ಆಡುತ್ತಲೇ ಇತ್ತು.

"ಖರೇ ಅದ. ನಾ ಬರಬೇಕಾಗಿತ್ತು, ಬರ್ಲಿಲ್ಲ. ಆ ಮುದುಕಿಗೆ ಹಲ್ಲಿರ್ಲಿಲ್ಲ. ಇದ ಎಣ್ಣಿಯೊಳಗ ಬ್ರೆಡ್ಡು ಒರಸಿ ಬಾಯಾಗ ಇಡ್ತಿದ್ದೆ. ಯವ್ವಾ, ಬಾಯಿ ತೆರಿಯವ್ವಾ ಅಂತಿದ್ದೆ, ನಮ್ಮ ಮಾತಿನಾಗ. ಆಕಿಗೇನು ತಿಳೀತಿತ್ತು? ಅನ್ನಾಕ ನನಗ ಬೇಕಾಗಿತ್ತು."

ತಮ್ಮನ ಹೆಂಡತಿ ಸೆರಗನ್ನು ಬಾಯಿಗೆ ಇಟ್ಟುಕೊಂಡಳು. ತಮ್ಮ ಒಳಗೆ ಬಂದು ಚಾಪೆಯ ಮೇಲೆ ಕುಳಿತ. ಬಡಿಸಿದ್ದರಲ್ಲಿ ಒಂದೆರಡು ಕೊಳವೆ ಅಗಿದು ನೋಡಿ, ತಟ್ಟೆ ಸರಿಸಿದ. ಅವನು ಕೈ ಚಾಚಿದ್ದು ಬುಟ್ಟಿಯಲ್ಲಿದ್ದ ಮುಂಜಾನೆಯ ಜೋಳದ ರೊಟ್ಟಿಗೆ. ಒಂದು ಚೂರು ಮುರಿದು, ಬಾಣಲೆಯನ್ನೇ ಹತ್ತಿರ ಎಳೆದುಕೊಂಡು, ತಳದ ಕೆಂಪೆಣ್ಣೆಯನ್ನು ಒರೆಸಿ ಬಾಯಿಗಿಟ್ಟ. ಮತ್ತೊಂದು ಚೂರು. ಮತ್ತೊಂದು.

"ಪೈಪು ನಿಮ್ಮ ಪಾಲಿಗಿರ್ಲಿ," ಎಂದ ಹೆಂಡತಿಗೆ. "ಎಣ್ಣಿ ಛಲೋ ಅದ."

ಸಿಸ್ಟರ್ ಎಂದಿನಂತೆ ಒಲೆಯ ಪಕ್ಕ ನಿಂತು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಚಾಪೆಯ ಅಂಚಿಗೆ ಸರಿದು, ರೊಟ್ಟಿಯ ಉಳಿದರ್ಧವನ್ನು ಪಕ್ಕದಲ್ಲಿಟ್ಟ.

"ಅಕ್ಕಾ, ನಿಂತು ಉಣಬ್ಯಾಡ. ಕೂಡು."

ಸೋತ ಮೊಣಕಾಲು ಮಡಚಿ ಕೂರುವುದಕ್ಕೆ ತಮ್ಮನ ಹೆಂಡತಿಯೂ ನಾನೂ ಕೈ ಕೊಡಬೇಕಾಯಿತು. ಅವರು ಕುಳಿತು ಉಂಡದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಮಣಿಕಟ್ಟಿಗೆ ಹನಿ ಬಿಟ್ಟು ರುಚಿ ನೋಡುವುದನ್ನೂ ಅಂದು ಮರೆತಿದ್ದರು. ನನ್ನ ಪಾಲಿನಲ್ಲಿ ಉಪ್ಪು ಒಂದಿಷ್ಟು ಕಡಿಮೆಯೇ ಇತ್ತು.

ಆಮೇಲೆ ತಮ್ಮ ಹತ್ತಿ ಮಾರಲು ರಾಯಚೂರಿಗೆ ಬಂದಾಗಲೆಲ್ಲ ಕಾನ್ವೆಂಟಿನ ಗೇಟಿನಲ್ಲಿ ರೊಟ್ಟಿಯ ಗಂಟು ಹಿಡಿದು ನಿಲ್ಲುತ್ತಿದ್ದ. ಸಿಸ್ಟರ್ ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಮಣ್ಣಿಗೆ ಅವನು ಎಲ್ಲರಿಗಿಂತ ಮೊದಲು ಬಂದಿದ್ದ.

ಆ ಬಾಟಲಿ ಈಗಲೂ ಓಡಾಡುತ್ತಿದೆ. ಹೊಸ ಮೆಣಸಿನಕಾಯಿ ಬಂದಾಗ ಗಬ್ಬೂರಿನಿಂದ ಅದರ ತುಂಬ ರಂಜಕ ಬರುತ್ತದೆ. ಖಾಲಿ ಪಾತ್ರೆ ಮರಳಿ ಕೊಡಬಾರದಲ್ಲ, ನಾನು ಅದರಲ್ಲಿ ಉಂಡೆಯನ್ನೋ ಶೇಂಗಾ ಪುಡಿಯನ್ನೋ ತುಂಬಿ ಕಳಿಸುತ್ತೇನೆ. ಆ ರಂಜಕದಲ್ಲಿ ಪಾಸ್ತಾ ಬೇಯಿಸಿದ ದಿನ ನಮ್ಮ ಮನೆಯವರು ತಟ್ಟೆಯನ್ನು ರೊಟ್ಟಿಯಿಂದ ಒರೆಸುತ್ತಾರೆ; ನಾನು ಅವರ ಮುಖ ನೋಡುತ್ತೇನೆ.

ಬಾಟಲಿ ಮುಟ್ಟಿತೇ ಎಂದು ಕೇಳಲು ಮೊನ್ನೆ ತಮ್ಮ ಫೋನ್ ಮಾಡಿದ್ದ. ಮುಟ್ಟಿತು, ಪಾಸ್ತಾ ಮಾಡಿ ಎಲ್ಲರಿಗೂ ಬಡಿಸಿದೆ ಎಂದೆ.

"ಅದಾತ್ರಿ ಅಕ್ಕಾರ," ಎಂದ. "ನೀವು ಕುಂತು ಉಂಡ್ರಿಲ್ಲೋ?"

ನಾನು ಫೋನ್ ಕಿವಿಗಿಟ್ಟುಕೊಂಡೇ ತಟ್ಟೆ ತೆಗೆದುಕೊಂಡು ಕುಳಿತೆ.