ತಂತಿಯಲ್ಲಿ ಹೋದ ಅಪ್ಪನ ದನಿ

ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪನಿಗೆ ಮಾತು ಹೋಯಿತು. ಹೊಸನಗರದ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಅವರ ದನಿ ಕೇಳಿದರೆ ರಸ್ತೆಯಲ್ಲಿ ಹೋಗುವ ದೊಡ್ಡವರೂ ಬೀಡಿ ಬಚ್ಚಿಡುತ್ತಿದ್ದರು. ಈಗ ಏನು ಬೇಕಾದರೂ ಕಾಗದದ ಮೇಲೆ ಬರೆದು ತೋರಿಸುತ್ತಿದ್ದರು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ನಾನು ಓದಿ ಹೇಳಬೇಕು. ಗಂಡ ಹೆಂಡತಿಯ ನಡುವಿನ ಮಾತನ್ನು ಮಗಳು ಓದಿ ಹೇಳುವುದು ಮೂವರಿಗೂ ಮುಜುಗರ.

ಎಂಬತ್ತರ ದಶಕದ ನಡುವಿನ ಸಂಗತಿ ಇದು. ಹಳೇ ಟ್ರಂಕಿನಲ್ಲಿ ದೊಡ್ಡ ಚಕ್ರಕ್ಕೆ ಸುತ್ತಿದ ಒಂದು ಸ್ಪೂಲ್ ಟೇಪು ಇದ್ದದ್ದು ನನಗೆ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಅಪ್ಪನ ಗೆಳೆಯರೊಬ್ಬರು ಪೆಟ್ಟಿಗೆಯಷ್ಟು ದೊಡ್ಡ ರೆಕಾರ್ಡರ್ ತಂದು, ಮನೆಯವರ ದನಿ ಹಿಡಿದು, ಟೇಪನ್ನು ನಮಗೇ ಕೊಟ್ಟು ಹೋಗಿದ್ದರು. ಅದನ್ನು ಹಾಕಿ ಕೇಳುವ ಯಂತ್ರ ನಮ್ಮಲ್ಲಿರಲಿಲ್ಲ. ಈಗ ನನ್ನ ಬಳಿ ಕ್ಯಾಸೆಟ್ ರೆಕಾರ್ಡರ್ ಇತ್ತು. ಸಾಗರದಲ್ಲಿ ರೇಡಿಯೋ ರಿಪೇರಿ ಮಾಡುವವರೊಬ್ಬರ ಹತ್ತಿರ ಸ್ಪೂಲ್ ಯಂತ್ರವಿದೆ ಎಂದು ತಿಳಿದು, ಟೇಪಿನ ದನಿಯನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳಲು ಹೊರಟೆ. ಅಪ್ಪ ತಾವೂ ಬರುವುದಾಗಿ ಸನ್ನೆ ಮಾಡಿ ಚಪ್ಪಲಿ ಮೆಟ್ಟಿದರು.

ರಿಪೇರಿಯವರು ಮೊದಲು ಸ್ಪೂಲ್ ಯಂತ್ರದ ಮುಂದೆ ನನ್ನ ರೆಕಾರ್ಡರ್ ಇಟ್ಟು ಶುರು ಮಾಡಿದರು. ಎರಡು ನಿಮಿಷಕ್ಕೇ ನಿಲ್ಲಿಸಿದರು.

“ಬಸ್ಸಿನ ಹಾರನ್ನೂ ಸೇರ್ಕೊಳ್ತು ನೋಡಿ. ವಯರಲ್ಲೇ ಕಳಿಸ್ಬೇಕು.”

ವಯರಿನ ಎರಡೂ ತುದಿಗೆ ಪಿನ್ನು ಬೆಸೆದು, ಒಂದನ್ನು ಆ ಯಂತ್ರಕ್ಕೆ, ಇನ್ನೊಂದನ್ನು ನನ್ನದಕ್ಕೆ ಚುಚ್ಚಿದರು. ಸದ್ದು ಪೂರ್ತಿ ನಿಂತಿತು.

“ಎಂತ ಆಯ್ತು? ನಿಂತೋಯ್ತಾ?” ಎಂದೆ ಗಾಬರಿಯಿಂದ.

“ಇಲ್ಲಮ್ಮ, ದನಿ ಹೊರಗೆ ಬರ್ದೆ ವಯರಲ್ಲೇ ಹೋಗ್ತಾ ಇದೆ. ಆ ಮುಳ್ಳು ನೋಡಿ.”

ಸ್ಪೂಲ್ ಯಂತ್ರದ ಗಾಜಿನೊಳಗೆ ಸಣ್ಣ ಮುಳ್ಳೊಂದು ಏಳುತ್ತ ಬೀಳುತ್ತ ಇತ್ತು. ಅಪ್ಪ ಸ್ಟೂಲನ್ನು ಹತ್ತಿರ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡುತ್ತ ಕೂತರು. ಮುಳ್ಳು ಜಿಗಿದಾಗ ಅವರ ತುಟಿಯೂ ಅಲುಗುತ್ತಿತ್ತು. ಮಾತಾಡಿದರೆ ಏನೂ ಕೆಡುವುದಿಲ್ಲ ಎಂದು ರಿಪೇರಿಯವರು ಹೇಳಿದರೂ, ಟೇಪು ಮುಗಿಯುವವರೆಗೆ ನಾನು ಪಿಸುಮಾತಿನಲ್ಲೇ ಮಾತಾಡಿದೆ.

ಸಂಜೆ ಮನೆಯಲ್ಲಿ ಕ್ಯಾಸೆಟ್ ಹಾಕಿದೆ. ಅಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಅಪ್ಪನ ಹಳೆಯ ದನಿ ಬಂತು. ನನಗೆ ಮಗ್ಗಿ ಹೇಳಿಸಿದ್ದು, ತಪ್ಪಿದಾಗ ಗದರಿದ್ದು. ಆಮೇಲೆ, “ಇವ್ಳೆ, ನೀನೂ ಒಂದು ಹಾಡು ಹೇಳೆ. ಚೆನ್ನಾಗಿ ಹೇಳ್ತೀಯಲ್ಲ.”

ಟೇಪಿನಲ್ಲಿ ಅದರ ಹಿಂದೆಯೇ ಬಳೆಯ ಸದ್ದು ಮಾತ್ರ. ಅಮ್ಮ ನಾಚಿ ಒಳಗೆ ಓಡಿರಬೇಕು.

“ಇನ್ನೊಂದ್ಸಲ ಹಾಕೆ,” ಎಂದಳು ಅಮ್ಮ. ಹಿಂದಕ್ಕೆ ಸುತ್ತಿ ಹಾಕಿದೆ. ಆ ಮಾತು ಬಂದ ಕೂಡಲೇ ಅವಳು ಅಪ್ಪನ ಕಡೆ ತಿರುಗಿದಳು.

“ಆವತ್ತು ನಾಚ್ಕೆ ಆಯ್ತು ಮಾರಾಯ್ರೇ. ಈಗ ಹೇಳ್ಲಾ?”

ಅಪ್ಪ ಹೂಂ ಎಂಬಂತೆ ತಲೆಯಾಡಿಸಿದರು. ಅವಳು ಮದುವೆಮನೆಯ ಹಾಡೊಂದನ್ನು ಎತ್ತಿಕೊಂಡಳು. ಎರಡನೇ ನುಡಿ ಮರೆತು ಮೊದಲನೆಯದನ್ನೇ ಮತ್ತೆ ಹೇಳಿದಳು. ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತ ಕಣ್ಣೊರೆಸಿಕೊಂಡರು. ಅದನ್ನು ರೆಕಾರ್ಡ್ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದು ಗುಂಡಿ ಒತ್ತಿದ್ದರೆ ಅಮ್ಮ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳೇನೋ.