ಮದರಾಸಿನಲ್ಲಿ ಮೂರು ಅರಿಶಿನದ ಎಳೆ

ಪಕ್ಕದ ಮನೆಯ ವಿಮಲಾ ನಿನ್ನೆ ಮಧ್ಯಾಹ್ನ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯನ್ನೂ ಪೆನ್ನನ್ನೂ ತಂದು ನನ್ನ ಮುಂದಿಟ್ಟಳು. ಹೊಸದಾಗಿ ಮದುವೆಯಾದ ಹುಡುಗಿ, ಗಂಡನ ಜೊತೆ ನಾಲ್ಕು ದಿನಕ್ಕೆ ಮದರಾಸಿಗೆ ಹೊರಟಿದ್ದಾಳೆ.

“ದೊಡ್ಡಮ್ಮಾ, ನೀವು ಯಾವಾಗ್ಲೂ ಮದ್ರಾಸ್ ಮದ್ರಾಸ್ ಅಂತೀರಲ್ರಿ. ಎಲ್ಲಿ ಉಣ್ಣೋದು, ಏನೇನು ನೋಡೋದು, ಒಂದು ಪಟ್ಟಿ ಬರದು ಕೊಡ್ರಿ” ಎಂದಳು.

ನಾನು ಮದರಾಸನ್ನು ಕಂಡದ್ದು ಇಡೀ ಜನ್ಮದಲ್ಲಿ ಒಂದೇ ಸಲ, ಅದೂ ಆರು ದಿನ. ಆ ಆರು ದಿನವನ್ನು ಇಷ್ಟು ವರ್ಷ ಎಳೆದೆಳೆದು ಹೇಳಿ, ರಾಯದುರ್ಗದ ಈ ಓಣಿಯಲ್ಲಿ ದೊಡ್ಡ ಮದರಾಸಿನವಳಾಗಿಬಿಟ್ಟಿದ್ದೇನೆ. ಕೇಳಿದ ಮೇಲೆ ಬರೆಯದೆ ಇರುವುದು ಹೇಗೆ? ‘ಒಂದು: ಕಾಫಿ’ ಎಂದು ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಕಾಫಿ ಎಂದರೆ ನನಗೆ ಮದರಾಸಲ್ಲ, ನಮ್ಮತ್ತೆ ನೆನಪಾಗುತ್ತಾರೆ.

ಆಗಿನ್ನೂ ಮದರಾಸ್ ಪ್ರಾಂತ. ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ನನ್ನ ತವರು ಮಡಕಶಿರ ಅನಂತಪುರ ಜಿಲ್ಲೆಗೆ. ಆದ್ದರಿಂದ ನಮ್ಮತ್ತೆಯ ಲೆಕ್ಕದಲ್ಲಿ ನಾನು ಪರ ಜಿಲ್ಲೆಯವಳು. ನಮ್ಮಪ್ಪ ಕಡಲೆಕಾಯಿ ಬೆಳೆಯುತ್ತಿದ್ದರು, ಹಿಪ್ಪುನೇರಳೆ ತೋಟ ಮಾಡಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳದ ದುಡಿಮೆಯಲ್ಲೇ ನನ್ನನ್ನು ಬಳ್ಳಾರಿಯ ಕಾನ್ವೆಂಟಿನಲ್ಲಿಟ್ಟು ಓದಿಸಿದರು. ಕಾನ್ವೆಂಟಿನಲ್ಲಿ ನಾನು ಕಲಿತದ್ದು ಮುಖ್ಯವಾಗಿ ಮೂರು: ದುಂಡಗೆ ಬರೆಯುವುದು, ಮೆಲ್ಲಗೆ ಮಾತಾಡುವುದು, ದೊಡ್ಡವರೆದುರು ಮಾತೇ ಆಡದಿರುವುದು. ಅತ್ತೆ ರಾಯದುರ್ಗದ ನೇಕಾರರ ಮನೆಯ ಮಗಳು. ಅಕ್ಷರ ಬಾರದು, ಆದರೆ ಎದುರಿಗೆ ಬಂದವರ ಸೀರೆ ನೋಡಿ ಅದರ ಊರು, ಅವರ ಸ್ಥಿತಿಗತಿ, ಮನೆಯ ಜಗಳವನ್ನೂ ಹೇಳಬಲ್ಲವರು. ನನ್ನನ್ನು ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು: “ಏ ಹುಳದಾಕಿ!”

ಅತ್ತೆಯ ಅಣ್ಣ ಈರಣ್ಣ ಮಾವ ಆ ವರ್ಷ ನನ್ನ ತವರಿನ ರೇಷ್ಮೆಯಲ್ಲಿ ಒಂದು ಸೀರೆ ನೇಯ್ದು ಮದರಾಸಿನ ಕಲೆ ಕೈಗಾರಿಕೆಯ ಪ್ರದರ್ಶನಕ್ಕೆ ಕಳಿಸಿದ್ದ. ಕೆಂಪು ಮೈ, ಗಿಣಿಹಸಿರು ಅಂಚು. ಮಗ್ಗ ಬಿಟ್ಟು ತಾನು ಹೋಗುವಂತಿಲ್ಲ. ನಮ್ಮ ಮನೆಯವರಿಗೆ ಆ ಊರಿನಲ್ಲಿ ಕೋರ್ಟಿನ ಕೆಲಸವಿತ್ತು. ಈರಣ್ಣ ಮಾವ ತಂಗಿಯನ್ನು ಕರೆದು, “ನೀನೂ ಹೋಗಿ ಬಾರವ್ವಾ. ಎಲ್ಲಿ ಇಟ್ಟಾರ, ಏನು ಬರದಾರ, ಇದ್ದದ್ದು ಇದ್ದಂಗ ಬಂದು ಹೇಳು. ಸಿಹಿ ಹಚ್ಚಬ್ಯಾಡ” ಎಂದ. ಬರೆದದ್ದನ್ನು ಓದಲು ಒಬ್ಬರು ಬೇಕಲ್ಲ, ಹಾಗೆ ನನ್ನನ್ನೂ ಕರೆದುಕೊಂಡು ಹೋದರು. ರಾಯದುರ್ಗದ ಚಿಕ್ಕ ಗಾಡಿಯಲ್ಲಿ ಬಳ್ಳಾರಿ, ಅಲ್ಲಿಂದ ಗುಂತಕಲ್ಲು, ಗುಂತಕಲ್ಲಿನಿಂದ ಮದರಾಸಿನ ಮೇಲ್ ರೈಲು. ಅತ್ತೆಯ ಬುಟ್ಟಿಯಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ. ಪಟ್ಟಣದ ಹೋಟೆಲಿನಲ್ಲಿ ತಾವು ಹನಿ ನೀರೂ ಮುಟ್ಟುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದರು.

ಇಳಿದ ಮೊದಲ ಬೆಳಿಗ್ಗೆಯೇ ಆ ಮಾತು ಮುರಿಯಿತು. ನಾವಿದ್ದ ಛತ್ರದ ಪಕ್ಕದಲ್ಲೇ ಉಡುಪಿ ಕಡೆಯವರ ಒಂದು ಹೋಟೆಲು. ಕಾಫಿಯ ವಾಸನೆ ರಸ್ತೆಗೆ ಬಂದು ಜನರನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತಿತ್ತು. “ಬರೀ ನೋಡಿ ಬರೋಣು” ಎಂದು ಒಳಗೆ ಬಂದ ಅತ್ತೆ ಹಿತ್ತಾಳೆಯ ಲೋಟದಲ್ಲಿ ನೊರೆಯೆದ್ದ ಕಾಫಿಯನ್ನು ನೋಡಿದರು, ಮೂಸಿದರು, ಕುಡಿದರು. ಮೂರನೆಯ ಲೋಟಕ್ಕೆ ನಮ್ಮ ಮನೆಯವರು ಸುಮ್ಮನೆ ಬೇರೆ ಕಡೆ ನೋಡಿದರು. ಇಡ್ಲಿ ಬಂದಾಗ ಅತ್ತೆ ಸೆರಗಿನ ಗಂಟು ಬಿಚ್ಚಿ ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡರು. ಬಡಿಸುವ ಹಿರಿಯರು ನಿಂತು ನೋಡಿ, “ಅದು ಎಂತದು ಅಮ್ಮಾ?” ಎಂದರು.

“ತಿಂದು ನೋಡ್ರಿ, ಗೊತ್ತಾಗತೈತಿ.”

ಅವರು ತಿಂದು, ಒಳಗೆ ಹೋಗಿ ಅಡುಗೆಯವರನ್ನೂ ಕರೆದುಕೊಂಡು ಬಂದರು. ಅವರು ಹೋದ ಮೇಲೆ ಅತ್ತೆ ನನ್ನ ಕಿವಿಯಲ್ಲಿ, “ಕನ್ನಡಾನೇನ ಅದು? ಪುಸ್ತಕ ಓದಿದಂಗ ಮಾತಾಡ್ತಾರ, ಪಾಪ” ಎಂದರು. ಮಾರನೆಯ ದಿನ ನಾವು ಹೋದಾಗ ಆ ಹಿರಿಯರು ಕೇಳದೆಯೇ ದೊಡ್ಡ ಲೋಟ ತಂದಿಟ್ಟರು. ಅಷ್ಟು ದೊಡ್ಡ ಊರಿನಲ್ಲಿ ಎರಡೇ ದಿನಕ್ಕೆ ತಮ್ಮ ಅಳತೆಯ ಲೋಟ ಸಂಪಾದಿಸಿದವರು ನಮ್ಮತ್ತೆ.

ಆ ಎರಡು ದಿನ ಊರು ನೋಡಿದೆವು. ಟ್ರಾಮು, ಸಮುದ್ರ, ಪ್ರಾಣಿಗಳ ತೋಟ. ಜಟಕಾದವನು ತೆಲುಗಿನಲ್ಲಿ, “ಬದುಕಿದ ಕಾಲೇಜು ಆಯ್ತು, ಇನ್ನು ಸತ್ತ ಕಾಲೇಜು ನೋಡಿ” ಎಂದು ಮ್ಯೂಸಿಯಮ್ಮಿನ ಮುಂದೆ ಇಳಿಸಿದ. ಪ್ರಾಣಿಗಳ ತೋಟ ಬದುಕಿದ ಕಾಲೇಜಂತೆ. ಜೀವವಿಲ್ಲದ್ದನ್ನು ಇಡುವ ಜಾಗ ಸತ್ತ ಕಾಲೇಜಂತೆ! ಒಳಗೆ ಕಂಚಿನ ವಿಗ್ರಹಗಳ ಸಾಲು. ನಾನು ಕಾನ್ವೆಂಟಿನವಳ ಠೀವಿಯಲ್ಲಿ ಮುಖಭಾವ, ಭಂಗಿ ಎಂದು ನೋಡುತ್ತಿದ್ದರೆ, ಅತ್ತೆ ಒಂದು ದೇವಿಯ ಕಾಲ ಬಳಿ ಬಗ್ಗಿ ನಿಂತಿದ್ದರು.

“ನೆರಿಗಿ ನೋಡ ಇಲ್ಲಿ. ನೇಕಾರರ ಮನಿಯಾಗ ಬಂದು ಕುಂತು, ನೋಡಿ ಮಾಡ್ಯಾನ ಇದನ್ನ. ಯಾರಂತ ಮಾಡಿದಾವ?”

ಚೀಟಿ ಓದಿದೆ. ಸಿಕ್ಕಿದ ಊರಿನ ಹೆಸರಿತ್ತು, ಶತಮಾನವಿತ್ತು. “ಮಾಡಿದೋರ ಹೆಸ್ರು ಹಾಕಿಲ್ಲ ಅತ್ತೆಮ್ಮ” ಎಂದೆ.

“ಹಾಕಿಲ್ಲೇನು?” ಎಂದರು. ಆಮೇಲೆ ಉಳಿದ ವಿಗ್ರಹಗಳನ್ನು ನೋಡಲಿಲ್ಲ. ಪ್ರತಿಯೊಂದರ ಚೀಟಿಯನ್ನೂ ನನ್ನಿಂದ ಓದಿಸಿದರು.

ಮೂರನೆಯ ದಿನ ಪ್ರದರ್ಶನಕ್ಕೆ ಹೋದೆವು. ದೊಡ್ಡ ತೋಟದಲ್ಲಿ ಸಾಲು ಚಪ್ಪರ. ದಂತದ ಕೆಲಸ, ಬೆತ್ತದ ಕೆಲಸ, ಗೋಡೆಯಷ್ಟು ದೊಡ್ಡ ಚಿತ್ರಗಳು. ಜವಳಿಯ ಚಪ್ಪರದಲ್ಲಿ ಈರಣ್ಣ ಮಾವನ ಸೀರೆ ಮುಂದಿನ ಸಾಲಿನಲ್ಲಿರಲಿಲ್ಲ, ಮಧ್ಯದಲ್ಲಿರಲಿಲ್ಲ. ಕಡೆಯ ಮೂಲೆಯ ಕಂಬದ ಹಿಂದೆ ಸಿಕ್ಕಿತು. ಅದರ ಕೆಳಗೆ ಅಚ್ಚು ಹಾಕಿದ ಇಂಗ್ಲಿಷ್ ಚೀಟಿ: ರೇಷ್ಮೆ ಸೀರೆ, ಬಣ್ಣ ಉತ್ತಮ. ದೋಷ: ತುದಿಯಲ್ಲಿ ಮೂರು ಹಳದಿ ಎಳೆ ತಪ್ಪಿ ಸೇರಿವೆ.

ಊರಿನ ಹೆಸರೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಆ ಎಳೆಗಳು ತಪ್ಪಿ ಸೇರಿದವಲ್ಲ. ಅತ್ತೆಯ ತವರಿನಲ್ಲಿ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಏರಿಸಿದಾಗ ಅಡ್ಡ ಎಳೆ ಹಾಯಿಸುವ ಲಾಳಿಯನ್ನು ಗಂಡಸರು ಮೊದಲು ಮುಟ್ಟುತ್ತಿರಲಿಲ್ಲ. ಮನೆಯ ಹೆಣ್ಣುಮಗಳು ಬಂದು, ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಎಳೆಯನ್ನು ಒಂದೊಂದು ಬೆರಳು ಬಿಟ್ಟು ಮೂರು ಸಲ ಹಾಯಿಸಬೇಕು. ಮದುವೆಯಾಗಿ ಹೋದವಳಾದರೂ ಅವಳೇ ಬರಬೇಕು. ಉಟ್ಟಾಗ ಆ ತುದಿ ಸೊಂಟದಲ್ಲಿ ಮರೆಯಾಗುತ್ತದೆ. ಆದರೆ ಮಡಿಸುವಾಗ ಮಾತ್ರ ಕೊಳ್ಳುವವರ ಕಣ್ಣಿಗೆ ಮೊದಲು ಬೀಳಲೆಂದು ಅರಿಶಿನದ ತುದಿಯನ್ನೇ ಮೇಲಿಡುವುದು ರೂಢಿ. ಈರಣ್ಣ ಮಾವ ಊರಿನಲ್ಲಿ ಮಡಿಸಿದಂತೆಯೇ ಮಡಿಸಿ ಕಳಿಸಿದ್ದ. ಇವರು ಮೇಲೆ ಸಿಕ್ಕ ತುದಿಯನ್ನೇ ಎದುರಿಗೆ ಇಳಿಬಿಟ್ಟಿದ್ದರು. ಆ ಸೀರೆಯ ಮೂರು ಎಳೆ ಹಾಯಿಸಿದ್ದು ನಮ್ಮತ್ತೆಯ ಕೈ.

“ಏನು ಬರದಾರ?” ಎಂದರು.

ನಾನು ಸೀರೆಯ ಕಡೆ ತಿರುಗಿದೆ. “ಚೆನ್ನಾಗೈತೆ ಅಂತ ಬರ್ದವ್ರೆ ಅತ್ತೆಮ್ಮ.”

ಅವರು ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು. “ಅಷ್ಟು ಸಣ್ಣ ಮಾತಿಗೆ ಮೂರು ಸಾಲು ಯಾಕ?”

ಓದು ಬಾರದವರಿಗೆ ಸುಳ್ಳು ಹೇಳುವುದು ಸುಲಭ ಎಂದು ನೀವು ತಿಳಿದಿದ್ದರೆ, ಅದನ್ನು ಬಿಟ್ಟುಬಿಡಿ. ನಿಜ ಹೇಳಿದೆ. ಅತ್ತೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಸೀರೆಯ ತುದಿಯನ್ನು ಒಮ್ಮೆ ನೇರ ಮಾಡಿ, “ಇದರ ಸಾಹೇಬ ಎಲ್ಲಿ?” ಎಂದರು. ಸಾಹೇಬರು ಆ ದಿನ ಇರಲಿಲ್ಲ. ನಾಳೆ ಬರುತ್ತಾರೆ ಎಂದು ಚಪ್ಪರದ ಕಾವಲಿನವನು ಹೇಳಿದ.

ವಾಪಸು ಬರುವಾಗ ಹೋಟೆಲಿನ ಮುಂದೆ ನಮ್ಮ ಮನೆಯವರ ಕಾಲು ತಾನಾಗಿ ನಿಧಾನವಾಯಿತು. ಅತ್ತೆ ನಿಲ್ಲಲಿಲ್ಲ. “ಆ ಚೀಟಿ ಹಂಗ ಇರೋತನಕ ಈ ಊರಾಗ ನಾ ಏನೂ ಮುಟ್ಟಂಗಿಲ್ಲ.”

“ಅವ್ವಾ, ಚೀಟಿಗೂ ದೋಸಿಗೂ ಏನು ಸಂಬಂಧ?” ಎಂದರು ಇವರು.

“ನೀ ತಿನ್ನು ಹೋಗಪ್ಪಾ. ನಿನ್ನ ಎಳಿಗೇನು ಯಾರೂ ತಪ್ಪು ಅಂದಿಲ್ಲ.”

ತಾಯಿ ಹಾಗೆಂದ ಮೇಲೆ ಯಾವ ಮಗ ದೋಸೆ ತಿಂದಾನು? ಛತ್ರದ ಜಗಲಿಯಲ್ಲಿ ಮೂವರೂ ರೊಟ್ಟಿ ಮುರಿದುಕೊಂಡು ಕೂತೆವು. ಆಗ ಅತ್ತೆ ಮೆಲ್ಲಗೆ ಹೇಳಿದರು. “ನಮ್ಮಣ್ಣಗ ಅಚ್ಚಿನ ಅಕ್ಷರ ಅಂದ್ರ ದೇವ್ರು. ದೋಷ ಅಂತ ಬರದಾರ ಅಂದ್ರ, ಮುಂದಿನ ಹಾಸು ಏರಿಸಿದಾಗ ಅರಿಶಿಣದ ಎಳಿ ಬಿಟ್ಟುಬಿಡ್ತಾನ. ಆಮ್ಯಾಲೆ ಆ ಮಗ್ಗದ ಮುಂದ ನಂದೇನೈತಿ ಹೇಳು? ಹಬ್ಬಕ್ಕ ಹೋಗಿ ಉಂಡು ಬರೋದು, ಅಷ್ಟ.”

ನಾನು ನಾಳೆ ಸಾಹೇಬರೆದುರು ಆಡಬೇಕಾದ ಇಂಗ್ಲಿಷನ್ನು ಮನಸ್ಸಿನಲ್ಲಿ ಜೋಡಿಸತೊಡಗಿದೆ. ವಾಕ್ಯ ಬಹಳ ಚೆನ್ನಾಗಿ ಬಂತು. ನಮ್ಮ ಸಿಸ್ಟರ್ ಕೇಳಿದ್ದರೆ ತಲೆ ಸವರುತ್ತಿದ್ದರು.

ಮಾರನೆಯ ದಿನ ಸಾಹೇಬರಿದ್ದರು. ಬಿಳಿ ಪೇಟ, ಚಿನ್ನದ ಕಟ್ಟಿನ ಕನ್ನಡಕ. ಅತ್ತೆ ನನ್ನ ಬೆನ್ನನ್ನು ಮೆಲ್ಲಗೆ ನೂಕಿದರು. ನಾನು “ಎಕ್ಸ್‌ಕ್ಯೂಸ್ ಮಿ, ಸರ್” ಎಂದೆ. ಅವರು “ಯೆಸ್?” ಎಂದರು. ಅಷ್ಟೇ. ನನ್ನ ಇಡೀ ಕಾನ್ವೆಂಟು ಅಲ್ಲಿಗೆ ಮುಗಿದುಹೋಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತೆ.

ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಅಪ್ಪಟ ರಾಯದುರ್ಗದ ಕನ್ನಡದಲ್ಲಿ ಶುರು ಮಾಡಿದರು.

“ನೋಡ್ರಿ ಸಾಹೇಬ್ರ, ಆ ಮೂಲ್ಯಾಗಿನ ಸೀರಿ ನಮ್ಮಣ್ಣ ನೇದದ್ದು. ನೀವು ದೋಷ ಅಂತ ಬರದೀರಿ. ಅವು ತಪ್ಪಿ ಬಿದ್ದ ಎಳಿ ಅಲ್ರಿ. ನನ್ನ ಕೈಲೆ ನಾನು ಹಾಕಿದ್ದು. ಬರ್ರಿ, ಎಣಿಸಿ ತೋರಸ್ತೀನಿ.”

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಸಾಹೇಬರು ಕನ್ನಡಕ ತೆಗೆದು ನಕ್ಕರು. ಪ್ರಾಯದಲ್ಲಿ ಬಳ್ಳಾರಿಯಲ್ಲಿ ನೌಕರಿ ಮಾಡಿದವರಂತೆ. “ಕನ್ನಡ ಕೊಂಚ ಬರುತ್ತೆ ಅಮ್ಮಾ. ಮೆಲ್ಲಗೆ ಹೇಳಿ” ಎಂದರು. ಎದ್ದು ಬಂದು, ಆ ಮೂಲೆಯಲ್ಲಿ ಬಗ್ಗಿ ನಿಂತು, ಎಲ್ಲವನ್ನೂ ಕೇಳಿದರು. ಮೂರು ಎಳೆಯೂ ಒಂದೊಂದು ಬೆರಳಿನ ಅಂತರದಲ್ಲಿ ಸಮನಾಗಿ ಕೂತಿರುವುದನ್ನು ಅತ್ತೆ ಬೆರಳಿಟ್ಟು ತೋರಿಸಿದರು. “ತಪ್ಪಿ ಬಿದ್ದಾವ ಹಿಂಗ ಅಳತಿ ಹಿಡದು ಬೀಳತಾವೇನ್ರಿ?”

ಸಾಹೇಬರು ತಾವೂ ಬೆರಳಿಟ್ಟು ಅಳೆದು ನೋಡಿದರು. “ನಿಜ ಅಮ್ಮಾ. ಆದರೆ ಆ ಚೀಟಿ ತೀರ್ಪುಗಾರರದ್ದು, ತೆಗೆಯುವ ಅಧಿಕಾರ ನನಗಿಲ್ಲ. ಪಕ್ಕದಲ್ಲಿ ಇನ್ನೊಂದು ಇಡಬಹುದು.”

“ಇರ್ಲಿ ಬಿಡ್ರಿ. ಅದೂ ಇರ್ಲಿ, ಇದೂ ಇರ್ಲಿ. ಓದೋರಿಗೆ ಕಣ್ಣಿರತಾವ” ಎಂದ ಅತ್ತೆ ನನ್ನ ಕಡೆ ತಿರುಗಿದರು. “ನಿನಗ ಮಾತು ಬರಂಗಿಲ್ಲ, ಅದು ಗೊತ್ತಾತು. ಬರಿಯಾಕರ ಬರತೈತಿಲ್ಲ?”

ಸಾಹೇಬರು ತಮ್ಮ ಪೆನ್ನು ಕೊಟ್ಟರು. ದಪ್ಪ ಬಿಳಿ ಕಾರ್ಡಿನ ಮೇಲೆ ಅತ್ತೆ ಹೇಳಿದಂತೆ ಇಂಗ್ಲಿಷಿನಲ್ಲಿ ಬರೆಯುತ್ತ ಹೋದೆ: ನೇಯ್ದವರು ರಾಯದುರ್ಗದ ಈರಣ್ಣ. ಮೊದಲ ಮೂರು ಅರಿಶಿನದ ಎಳೆ ಅವರ ತಂಗಿ ಬಸಮ್ಮನವರ ಕೈಯಿಂದ. ಇದು ಆ ಮನೆಯ ಪದ್ಧತಿ.

ಮುಗಿಯಿತೆಂದು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ.

“ನೂಲು ಎಲ್ಲಿದು ಅಂತ ಬರದ್ಯಾ?” ಎಂದರು ಅತ್ತೆ.

“ಇಲ್ಲ ಅತ್ತೆಮ್ಮ.”

“ಯಾಕ? ನಿಮ್ಮಪ್ಪನ ಹುಳ ಏನು ಪಾಪ ಮಾಡ್ಯಾವ? ಬರಿ. ರೇಷ್ಮಿ ಮಡಕಶಿರದ್ದು ಅಂತ ಬರಿ. ದೊಡ್ಡದಾಗಿ ಬರಿ.”

ಬರೆದೆ. ಆ ಸಾಲು ಉಳಿದ ಸಾಲುಗಳ ಎರಡರಷ್ಟು ದೊಡ್ಡದಾಯಿತು. ಕಾನ್ವೆಂಟಿನಲ್ಲಾಗಿದ್ದರೆ ಮತ್ತೆ ಬರೆಸುತ್ತಿದ್ದರು.

ಸಾಹೇಬರು ಕಾರ್ಡನ್ನು ಮೊದಲ ಚೀಟಿಯ ಪಕ್ಕದಲ್ಲಿಟ್ಟು ಹೋದ ಮೇಲೂ ನಾವು ಹೋಗಲಿಲ್ಲ. ಎದುರಿನ ಬೆತ್ತದ ಕುರ್ಚಿಗಳನ್ನು ಕೊಳ್ಳುವವರ ಹಾಗೆ ನೋಡುತ್ತ ನಿಂತೆವು. ಕೆಲವರು ಬಂದರು, ಮೊದಲ ಚೀಟಿ ಓದಿ ಹೋದರು. ಆಮೇಲೆ ಗಂಡ ಹೆಂಡತಿ ಒಂದು ಜೋಡಿ ಬಂತು. ಗಂಡ ಮುಂದೆ ಸರಿದ. ಹೆಂಡತಿ ಎರಡನೆಯ ಚೀಟಿಯನ್ನೂ ಪೂರ್ತಿ ಓದಿದಳು. ಬಗ್ಗಿ, ಬೆರಳಿಟ್ಟು, ಒಂದು, ಎರಡು, ಮೂರು ಎಂದು ಎಣಿಸಿದಳು. ಗಂಡನನ್ನು ಕರೆದು ತೋರಿಸಿದಳು. ಅತ್ತೆ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತಾಯಿತು.

“ನಡಿ, ಕಾಫಿ ಕುಡಿಯೋಣು” ಎಂದರು.

ಊರಿಗೆ ಬಂದು ಅತ್ತೆ ಈರಣ್ಣ ಮಾವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಮೂಲೆಯನ್ನೂ ಹೇಳಿದರು, ದೋಷ ಎಂದದ್ದನ್ನೂ ಹೇಳಿದರು. ಆತ ಕೇಳುತ್ತ ಕೇಳುತ್ತ ಲಾಳಿಯನ್ನು ಕೈಯಲ್ಲೇ ಹಿಡಿದು ಕೂತ. ಎರಡನೆಯ ಚೀಟಿಯ ಮಾತು ಬಂದಾಗ ಮಾತ್ರ ನನ್ನ ಕಡೆ ನೋಡಿ, “ಎಷ್ಟು ಎಳಿ ಅಂತ ಬರದಿಯವ್ವಾ?” ಎಂದ.

“ಮೂರು, ಮಾವಯ್ಯ.”

“ಹೂಂ. ಸರಿ ಐತಿ.”

ಲಾಳಿ ಮತ್ತೆ ಓಡತೊಡಗಿತು. ಅತ್ತೆ ಮನೆಗೆ ಬಂದ ಮೇಲೂ ಆ ಒಂದು ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಅದರಲ್ಲಿ ಹೌದೂ ಇತ್ತು, ಇಲ್ಲವೂ ಇತ್ತು. ಹದಿನೈದು ದಿನದ ಮೇಲೆ ಈರಣ್ಣ ಮಾವನ ಮನೆಯಿಂದ ಹೇಳಿಕಳಿಸಿದರು. ಹಾಸು ಏರಿಸಿದ್ದೇವೆ, ತಂಗಿ ಬರುವವರೆಗೆ ಮಗ್ಗ ಮುಟ್ಟುವುದಿಲ್ಲ ಎಂದು. ಅತ್ತೆ ಒಲೆಯ ಮೇಲಿನ ಸಾರನ್ನು ನನಗೆ ಬಿಟ್ಟು, ಕೈ ಒರೆಸಿಕೊಳ್ಳುತ್ತಲೇ ಹೊರಟರು. ಬೀದಿಯಲ್ಲಿ ಅವರ ನಡಿಗೆ ನೋಡಬೇಕಿತ್ತು ನೀವು.

ವಿಮಲಾ ಇಂದು ಬೆಳಿಗ್ಗೆ ಪಟ್ಟಿಗೆ ಬಂದಳು. ರಾತ್ರಿ ಕೂತು ನಾನು ಬರೆದು ಮುಗಿಸಿದ್ದನ್ನು ಓದಿ, “ದೊಡ್ಡಮ್ಮಾ, ಇದರಾಗ ಅರ್ಧ ಈಗ ಇರಂಗಿಲ್ಲರೀ” ಎಂದು ನಕ್ಕಳು. ಬೇರೆ ದಿನವಾಗಿದ್ದರೆ ನನ್ನ ಮದರಾಸಿಗೆ ಏಟು ಬಿತ್ತೆಂದು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದೆ. ಇಂದು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಹೋಟೆಲುಗಳ ಮೇಲೆ, ಚಪ್ಪರಗಳ ಮೇಲೆ ಗೀಟು ಹಾಕಿ, ಕೆಳಗೆ ಬರೆದೆ:

‘ಏನೇ ನೋಡು, ಮಾಡಿದವರು ಯಾರೆಂದು ಓದು. ಬರೆದಿಲ್ಲದಿದ್ದರೆ ಕೇಳು. ಇಂಗ್ಲಿಷಿನಲ್ಲಿ ಕೇಳಲು ನಾಚಿಕೆಯಾದರೆ ಕನ್ನಡದಲ್ಲೇ ಕೇಳು. ನಮ್ಮತ್ತೆ ಕೇಳಿದ್ದು ಹಾಗೆಯೇ.’