ಕೆಲಸದ ಕಾಲಮ್ಮಿನಲ್ಲಿ ಕೂಲಿ

ಮೊದಲ ಸಲ ನೋಡಿದಾಗ ನಾನು ಅವರನ್ನು ಡಾಕ್ಟರೆಂದೇ ತಿಳಿದಿದ್ದೆ. ಎದೆರೋಗದ ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಒಂದು ಕಿಟಕಿ, ಒಳಗೆ ಬಿಳಿ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ, ತಲೆ ಎತ್ತದೆಯೇ ಒಂದು ಪ್ರಶ್ನೆ: "ಏನು?" ಅಷ್ಟು ಗತ್ತು ಡಾಕ್ಟರಿಗಲ್ಲದೆ ಇನ್ಯಾರಿಗಿದ್ದೀತು? ನಾನು ಮೂರು ವಾರದ ಕೆಮ್ಮಿನ ಚರಿತ್ರೆಯನ್ನು ಮೊದಲಿನಿಂದ ಶುರುಮಾಡಿದೆ. ಬೆಳಗಿನದು ಒಣ ಕೆಮ್ಮು, ಸಂಜೆಯದು ಕಫದ ಕೆಮ್ಮು, ಭಾಷಣ ಮಾಡುವಾಗ ಬರುವುದು ಬೇರೆಯೇ ಜಾತಿ. ಎರಡನ್ನು ಕೆಮ್ಮಿಯೂ ತೋರಿಸಿದೆ. ಕೊನೆಗೆ ಯಾರೂ ಕೇಳದಿದ್ದರೂ ಬಾಯಿ ತೆರೆದು ನಾಲಿಗೆ ಚಾಚಿದೆ.

"ನಾಲಿಗೆ ಒಳಗಿಟ್ಕೊಳ್ಳಿ," ಎಂದರು. "ಹೆಸರು, ವಯಸ್ಸು, ಕೆಲಸ ಹೇಳಿ. ಡಾಕ್ಟ್ರು ಎಡಗಡೆ ಎರಡನೇ ರೂಮು."

"ಕೆಲಸ... ನಾನು ಬರೀತೀನಿ."

"ಅದು ನಾನೂ ಮಾಡ್ತೀನಿ. ಹೊಟ್ಟೆಪಾಡಿಗೆ ಏನ್ಮಾಡ್ತೀರಿ?"

ಅವರು ಚೀಟಿ ಬರೆಯುವ ಗುಮಾಸ್ತೆ. ಕೋಟು ಹಾಕಿಕೊಳ್ಳುತ್ತಿದ್ದುದು ಬಟ್ಟೆಗೆ ಶಾಯಿ ತಾಗದಿರಲಿ ಎಂದು. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವರನ್ನು ಚೀಟಿ ಅಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಅದೇ ಕಿಟಕಿ, ಅದೇ ಸ್ಟೂಲು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ "ರಜೆ ಸಿಗ್ಲಿಲ್ಲ" ಎಂಬ ಒಂದೇ ಉತ್ತರ. ನಿಜ ಸಂಗತಿ ಎಂದರೆ ತಾಯಿ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ. ಅಕ್ಕನೇ ಅನ್ನ ಹಾಕಿ, ಬೈದು, ಹೊಡೆದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟು ದೊಡ್ಡವನನ್ನಾಗಿ ಮಾಡಿದ್ದರು. ಎರಡು ಕೋಣೆಯ ಮನೆಯಲ್ಲಿ ಇಬ್ಬರೇ.

ಆ ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಕೂಲಿಯವರಿಗೆ ಚೀಟಿ ಪುಕ್ಕಟೆ. ಹಾಗಾಗಿ ಕಿಟಕಿಗೆ ಬಂದವರೆಲ್ಲ ಕೂಲಿಯವರೇ. ಬೇಕರಿಯಲ್ಲಿ ಹಿಟ್ಟು ಕಲಸುವವನು ಕೂಲಿ, ಹಾಸಿಗೆಗೆ ಹತ್ತಿ ತುಂಬುವವಳು ಕೂಲಿ, ಒಂದು ಸಲ ಶಾಲೆಯ ಹೆಡ್‌ಮಾಸ್ಟರೂ ಅತ್ತ ಇತ್ತ ನೋಡಿ ಕೂಲಿ ಎಂದಿದ್ದರಂತೆ. ಚೀಟಿ ಅಕ್ಕ ಹತ್ತೊಂಬತ್ತು ವರ್ಷ ಕೆಲಸದ ಕಾಲಮ್ಮಿನಲ್ಲಿ ಆ ಎರಡೇ ಅಕ್ಷರ ಬರೆದರು. ವರ್ಷದ ಕೊನೆಗೆ ದೊಡ್ಡ ಡಾಕ್ಟರು ಆ ಪುಸ್ತಕಗಳನ್ನು ತರಿಸಿ ವರದಿ ಬರೆಯುತ್ತಿದ್ದರು. ವರದಿಯ ಮೊದಲ ಪುಟದಲ್ಲಿ ಅವರ ಫೋಟೋ, ಕೊನೆಯ ಪುಟದಲ್ಲಿ ಅವರ ಫೋಟೋ, ನಡುವೆ ಓದುವವರು ಮರೆತಾರೆಂದು ಹದಿನಾಲ್ಕನೇ ಪುಟದಲ್ಲಿ ಇನ್ನೊಂದು. ಶ್ವಾಸಕೋಶದ ರೋಗಗಳು ಬಹುಮಟ್ಟಿಗೆ ಕೂಲಿಯವರನ್ನೇ ಹಿಡಿಯುತ್ತವೆ, ಸೇದುವುದೂ ಅಶಿಸ್ತೂ ಇದಕ್ಕೆ ಕಾರಣ ಎಂಬುದು ಪ್ರತಿ ವರ್ಷದ ತೀರ್ಮಾನ. ಯಾರೂ ಅಲ್ಲಗಳೆಯಲಿಲ್ಲ. ಯಾರೂ ಓದಿರಲಿಲ್ಲ.

ಒಂದು ದಿನ ಹೆಂಗಸೊಬ್ಬಳು ಗಂಡ ಸತ್ತ ಕಾಗದ ಹಿಡಿದುಕೊಂಡು ಕಿಟಕಿಗೆ ಬಂದಳು. ಗಂಡನಿಗೆ ಮೂವತ್ತಮೂರು ವರ್ಷ. ಮೂರು ಸಲ ಕ್ಷಯದ ಮಾತ್ರೆ ನುಂಗಿಸಿದ್ದರು. ಕಫದಲ್ಲಿ ಕ್ಷಯ ಒಂದು ಸಲವೂ ಸಿಕ್ಕಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಅಕ್ಕ, ಇಲ್ಲಿ ಕೂಲಿ ಅಂತ ಬರ್ದಿದೆ."

"ಅವರೇ ಹೇಳಿರ್ತಾರೆ."

"ಹೇಳಿರಬಹುದು. ಆದ್ರೆ ಅವರು ಕೂಲಿ ಅಲ್ಲ. ಅಡುಗೆಕಟ್ಟೆಗೆ ಸ್ಲ್ಯಾಬ್ ಕೊಯ್ಯೋರು. ಊರಲ್ಲಿ ಅರ್ಧ ಅಡುಗೆಮನೆ ಅವರು ಕೊಯ್ದ ಕಲ್ಲೇ. ಸತ್ತ ಮೇಲಾದ್ರೂ ಸರಿಯಾಗಿ ಬರೀರಿ."

ಚೀಟಿ ಅಕ್ಕ ಕೂಲಿ ಹೊಡೆದುಹಾಕಿ ಸ್ಲ್ಯಾಬ್ ಕೊಯ್ಯುವವರು ಎಂದು ಬರೆದು ಸೀಲು ಒತ್ತಿದರು. ಒತ್ತಿದ ಸೀಲು ಸ್ವಲ್ಪ ಹೊತ್ತು ಕಾಗದದ ಮೇಲೇ ಇತ್ತಂತೆ, ಎತ್ತಲು ಮರೆತಿದ್ದರು. ಅವರ ತಮ್ಮ ಹದಿಮೂರು ವರ್ಷದಿಂದ ಮಾಡುತ್ತಿದ್ದುದು ಅದೇ ಕೆಲಸ.

ಮಾರನೆಯ ದಿನದಿಂದ ಕಿಟಕಿಯಲ್ಲಿ ಪ್ರಶ್ನೆ ಒಂದು ಹೆಚ್ಚಾಯಿತು: "ಕೂಲಿ ಅಂದ್ರೆ ಯಾವ ಕೂಲಿ?" ಜನ ಹೆದರಿದರು. "ಪುಕ್ಕಟೆ ಚೀಟಿ ಎಲ್ಲಿಗೂ ಹೋಗಲ್ಲ, ಹೇಳಿ" ಎಂದು ಧೈರ್ಯ ಹೇಳಿ, ಕೂಲಿ ಎಂದೇ ಬರೆದು, ಪಕ್ಕದಲ್ಲಿ ಇರುವೆಯಂಥ ಅಕ್ಷರದಲ್ಲಿ ನಿಜವಾದ ಕೆಲಸ ಬರೆದುಕೊಂಡರು. ಏಳು ತಿಂಗಳಿಗೆ ಇರುವೆಗಳು ತಾವೇ ಸಾಲುಗಟ್ಟಿದವು. ಬೇಕರಿಯವರಿಗೆ ಉಬ್ಬಸ, ರಜೆಯಲ್ಲಿ ಊರಿಗೆ ಹೋದರೆ ಮಾಯ. ಹತ್ತಿಯವರಿಗೆ ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿತ, ಆಮೇಲೆ ಸಡಿಲ. ಸ್ಲ್ಯಾಬ್ ಕೊಯ್ಯುವವರು ಎಲ್ಲರಿಗಿಂತ ಚಿಕ್ಕವರು. ಅವರಿಗೆ ಕಫವಿಲ್ಲ, ಜ್ವರವಿಲ್ಲ, ಗಲಾಟೆಯೂ ಇಲ್ಲ. ಮೆಟ್ಟಿಲು ಹತ್ತುವಾಗ ದಮ್ಮು, ಅಷ್ಟೇ. ಅವರದು ಇಪ್ಪತ್ತಮೂರು ಚೀಟಿ. ಆರು ಮಂದಿ ಎರಡನೇ ಸಲ ಬರಲಿಲ್ಲ.

ಮನೆಯಲ್ಲಿ ತಮ್ಮ ಊಟಕ್ಕೆ ಕೂತಾಗ ಅಕ್ಕ ಮಾತು ತೆಗೆದರು.

"ಒಂದು ಎಕ್ಸ್‌ರೇ ತೆಗೆಸ್ಕೋ."

"ನಿನಗೆ ಊರೆಲ್ಲ ಪೇಷಂಟಾಗೇ ಕಾಣುತ್ತೆ ಅಕ್ಕ. ನಾನು ಗುಂಡುಕಲ್ಲು ಇದ್ದಂಗಿದ್ದೀನಿ."

"ನೀರು ಬಿಟ್ಕೊಂಡಾದ್ರೂ ಕೊಯ್ಯಿ. ಪುಡಿ ಹಾರಲ್ಲ."

"ನೀರು ಬಿಟ್ರೆ ಪೆನ್ಸಿಲ್ ಗುರುತು ಅಳಿಸೋಗುತ್ತೆ. ಮನೆಯವರು ಹೊಸ ಗೋಡೆಗೆ ರಾಡಿ ಹಾರ್ತು ಅಂತ ಬೊಬ್ಬೆ ಹೊಡೀತಾರೆ. ಮೇಸ್ತ್ರಿ ನನ್ನನ್ನೇ ಕೊಯ್ತಾನೆ."

"ಬೇರೆ ಕೆಲಸ ನೋಡು."

"ಸಿಂಕಿನ ತೂತು ಒಂದೇ ಏಟಿಗೆ ಗುಂಡಗೆ ತೆಗೆಯೋನು ಈ ಊರಲ್ಲಿ ನಾನೊಬ್ಬನೇ. ಬೇರೆ ಕೆಲಸಕ್ಕೆ ಹೋದ್ರೆ ನಾನೂ ಎಲ್ಲರ ಹಾಗೆ. ಸಾರು ಹಾಕು."

ಅಕ್ಕ ಸಾರು ಹಾಕಿದರು. ಅವನು ತಲೆ ಬಗ್ಗಿಸಿದಾಗ ಕಿವಿಯ ಹಿಂದೆ ಬಿಳಿ ಪುಡಿ ಕಂಡಿತು. ಸ್ನಾನ ಮಾಡಿ ಬಂದಿದ್ದ.

ಮಾತಿನಿಂದ ಆಗದ್ದು ಆಜ್ಞೆಯಿಂದ ಆದೀತೆಂದು ಪುಸ್ತಕ ಹೊತ್ತುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದರು. ಡಾಕ್ಟರು ಬರೆದುಕೊಟ್ಟರೆ ಆ ಕೆಲಸದವರನ್ನೆಲ್ಲ ಒಟ್ಟಿಗೆ ಕರೆಸಿ ಎಕ್ಸ್‌ರೇ ತೆಗೆಯಬಹುದು, ತಮ್ಮನೂ ಆ ಗುಂಪಿನಲ್ಲಿ ಬರಲೇಬೇಕಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ದೊಡ್ಡ ಡಾಕ್ಟರು ಇರುವೆ ಅಕ್ಷರಗಳನ್ನು ನೋಡಿ ಹುಬ್ಬೇರಿಸಿದರು.

"ಸರ್ಕಾರಿ ಪುಸ್ತಕದಲ್ಲಿ ಇದೇನಮ್ಮ ಚಿತ್ತಾರ?"

"ಕೆಲಸ ಸರ್. ಅವರವರು ಮಾಡೋ ಕೆಲಸ."

"ರೋಗ ಕಂಡುಹಿಡಿಯೋಕೆ ನಾವಿದ್ದೀವಿ. ನೀವು ಹೆಸರು ಸರಿಯಾಗಿ ಬರೀರಿ ಸಾಕು."

"ಹೆಸರು ಸರಿಯಾಗೇ ಬರ್ದಿದ್ದೀನಿ ಸರ್. ಆರು ಹೆಸರು ಮತ್ತೆ ಬರೆಯೋ ಹಾಗಿಲ್ಲ."

ದೊಡ್ಡ ಡಾಕ್ಟರು ಪುಸ್ತಕ ಇಟ್ಟುಹೋಗಲು ಹೇಳಿದರು. ಪುಸ್ತಕ ಅವರ ಮೇಜಿನ ಮೇಲೆ ಒಂದು ವರ್ಷ ಇತ್ತು. ಅದರ ಮೇಲೆ ಮೊದಲು ಕಾಫಿ ಲೋಟ ಬಂತು, ಆಮೇಲೆ ಹೂದಾನಿ.

ಆ ವರ್ಷದೊಳಗೇ ಒಂದು ಬೆಳಿಗ್ಗೆ ಕಿಟಕಿಯ ಮುಂದೆ ತಮ್ಮ ನಿಂತಿದ್ದ. ಅಕ್ಕನಿಗೆ ಹೇಳದೆ, ಎಲ್ಲರ ಹಾಗೆ ಸರದಿಯಲ್ಲಿ ಬಂದಿದ್ದ. ಬಸ್ ಸ್ಟಾಪಿನಿಂದ ಆಸ್ಪತ್ರೆಯ ಬಾಗಿಲಿಗೆ ಬರುವುದರಲ್ಲಿ ಎರಡು ಕಡೆ ಕೂತಿದ್ದನಂತೆ. ಚೀಟಿ ಅಕ್ಕ ತಲೆ ಎತ್ತದೆ ಹೆಸರು ಕೇಳಿದರು. ಅವನು ಹೇಳಿದ. ಆಮೇಲೆ ತಲೆ ಎತ್ತಿದರು.

"ಕೆಲಸ?"

"ಕೂಲಿ," ಎಂದು ಅವನು ನಗಲು ನೋಡಿದ. ನಗು ಕೆಮ್ಮಾಯಿತು.

ಅವರು ಬರೆದರು: ಸ್ಲ್ಯಾಬ್ ಕೊಯ್ಯುವುದು, ಹದಿನಾಲ್ಕು ವರ್ಷ, ನೀರಿಲ್ಲದೆ. ದೊಡ್ಡ ಅಕ್ಷರದಲ್ಲೇ ಬರೆದರು. ಚೀಟಿ ಕೊಟ್ಟು, "ಎಡಗಡೆ ಎರಡನೇ ರೂಮು" ಎಂದರು. ಅವನಿಗೆ ಆ ರೂಮು ಗೊತ್ತಿತ್ತು. ಚಿಕ್ಕವನಿದ್ದಾಗ ಶಾಲೆ ಬಿಟ್ಟ ಮೇಲೆ ಅದರ ಮುಂದಿನ ಬೆಂಚಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ.

ಎಕ್ಸ್‌ರೇಯಲ್ಲಿ ಎರಡು ಕಡೆಯೂ ಕಲ್ಲಿನ ಪುಡಿ ಕಟ್ಟಿದ ಗಾಯ. ಎರಡನೇ ರೂಮಿನ ಕಿರಿಯ ಡಾಕ್ಟರು ಸುತ್ತಿ ಬಳಸದೆ ಹೇಳಿದರು: ಹೋದದ್ದು ಬರುವುದಿಲ್ಲ, ಇದನ್ನು ವಾಸಿಮಾಡುವ ಔಷಧಿಯಿಲ್ಲ, ಇವತ್ತಿನಿಂದ ಮೆಷಿನ್ ಮುಟ್ಟಬೇಡ. ಮುಟ್ಟಲಿಲ್ಲ. ಮೂರು ತಿಂಗಳು ಮನೆಯಿಂದ ಬೀದಿಯ ತುದಿಗೆ ನಡೆಯುತ್ತಿದ್ದ, ಆಮೇಲೆ ಬಾಗಿಲವರೆಗೆ, ಈಗ ಮಂಚದಿಂದ ಕುರ್ಚಿಗೆ. ಕುರ್ಚಿಯ ಪಕ್ಕ ಆಮ್ಲಜನಕದ ಸಿಲಿಂಡರು. ಅಕ್ಕ ಬೆಳಿಗ್ಗೆ ಅದರ ಮುಳ್ಳು ನೋಡಿ, ಅನ್ನ ಮುಚ್ಚಿಟ್ಟು, ಏಳೂವರೆಗೆ ಹೊರಡುತ್ತಾರೆ. ಎಂಟಕ್ಕೆ ಕಿಟಕಿ ತೆರೆಯುತ್ತಾರೆ. ರಜೆ ಹಾಕಿದ್ದು ನಾನಂತೂ ಕೇಳಿಲ್ಲ.

ಈ ನಡುವೆ ದೊಡ್ಡ ಡಾಕ್ಟರು ಹೂದಾನಿ ಎತ್ತಿಸಿ ಪುಸ್ತಕ ತೆರೆದಿದ್ದರು. ಆ ವರ್ಷದ ವರದಿಯಲ್ಲಿ ರೋಗಗಳು ಕಸುಬಿಗೆ ತಕ್ಕಂತೆ ಸಾಲುಗಟ್ಟುತ್ತವೆ ಎಂಬ "ನನ್ನ ದೀರ್ಘಕಾಲದ ಅವಲೋಕನ" ಅಚ್ಚಾಯಿತು. ಫೋಟೋ ನಾಲ್ಕಾಯಿತು. ಒಂದು ಒಳ್ಳೆಯದೂ ಆಯಿತೆನ್ನಿ: ಸ್ಲ್ಯಾಬ್ ಕೊಯ್ಯುವವರನ್ನೆಲ್ಲ ಕರೆಸಿ ಎಕ್ಸ್‌ರೇ ತೆಗೆಯಲು ಆಜ್ಞೆ ಹೊರಟಿತು. ಕರೆಯಬೇಕಾದವರ ಪಟ್ಟಿ ಮಾಡಿದ್ದು ಚೀಟಿ ಅಕ್ಕ. ಒಂದನೇ ಹೆಸರು ತಮ್ಮನದೇ ಬರೆದು, ಮುಂದೆ "ಆಗಿದೆ" ಎಂದು ಗುರುತು ಹಾಕಿದರು.

ಆಸ್ಪತ್ರೆಯ ನೆನಪಿನ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಎಂದು ನನ್ನನ್ನು ಕೇಳಿದಾಗ ನಾನು ದೊಡ್ಡ ಡಾಕ್ಟರನ್ನು ಬಿಟ್ಟು ಈ ಕಿಟಕಿಗೆ ಬಂದೆ. ಸರದಿ ಕರಗುವವರೆಗೆ ಕಾದೆ. ಪೆನ್ನು ತೆಗೆದು, ಇಂಥ ಸಮಯದಲ್ಲಿ ನಮ್ಮಂಥವರು ಕೇಳುವುದನ್ನೇ ಕೇಳಿದೆ.

"ಆವತ್ತು ಸ್ವಂತ ತಮ್ಮನೇ ಬಂದು ಕಿಟಕಿ ಮುಂದೆ ನಿಂತಾಗ ನಿಮ್ಮ ಮನಸ್ಸಿನಲ್ಲಿ ಎಂಥೆಂಥ ಭಾವನೆಗಳು ಎದ್ದವು?"

ಅವರು ಕನ್ನಡಕ ಮೇಲಕ್ಕೆ ತಳ್ಳಿ ನನ್ನನ್ನು ನೋಡಿದರು.

"ಏನೂ ಏಳ್ಲಿಲ್ಲ. ವಯಸ್ಸು ಎರಡು ವರ್ಷ ಕಮ್ಮಿ ಹೇಳಿದ್ದ, ತಿದ್ದಿದೆ."